ಮೇಲಕ್ಕೆ ಹರಿದ ಕುಂಕುಮ

"ಮೇಡಂ, ನೀರು ಮ್ಯಾಲಕ್ಕ ಹರಿಯೋದನ್ನ ಎಲ್ಲೆರ ನೋಡೀರೇನ್ರಿ?"

ನಾಗೇಂದ್ರಪ್ಪನವರು ಈ ಪ್ರಶ್ನೆಯನ್ನು ಗೋಡೆಗೆ ಮೂಗು ತಾಗಿಸಿಕೊಂಡೇ ಕೇಳಿದರು. ಗೋಡೆಯ ಮೇಲೆ ಕರೆಂಟಿನ ಬೋರ್ಡು. ಬೋರ್ಡಿನ ಮುಚ್ಚಳದ ಮೇಲೆ ಆಯುಧಪೂಜೆಯ ದಿನ ಎಳೆದ ಮೂರು ವಿಭೂತಿ ಪಟ್ಟೆ, ಅವುಗಳ ನಡುವೆ ರೂಪಾಯಿ ಅಗಲದ ಕುಂಕುಮ.

ಸಬ್‌ಇನ್‌ಸ್ಪೆಕ್ಟರ್ ಯಶೋಧರಾ ಗೋಡೆ ನೋಡಲಿಲ್ಲ, ಕೈಗಡಿಯಾರ ನೋಡಿದರು.

"ಒಂಬತ್ತೂ ಇಪ್ಪತ್ತು. ಹನ್ನೊಂದಕ್ಕ ಹಂಪೇಶನ್ನ ಕೋರ್ಟಿಗೆ ಹಾಜರು ಮಾಡ್ಬೇಕು. ನಿಮಗ ಕೊಟ್ಟಿದ್ದು ಒಂದು ತಾಸು. ಅದ್ರಾಗ ಇಪ್ಪತ್ತು ನಿಮಿಷ ನಿಮ್ಮ ಹಳೇ ಸಾಹಸಕ್ಕ ಹೋತು."

"ಅದು ಸಾಹಸ ಅಲ್ರಿ, ಇತಿಹಾಸ."

ಮೂರು ದಿನದ ಹಿಂದೆ, ಕಡ್ಡಿರಾಂಪುರದ ಇದೇ ಹೋಮ್‌ಸ್ಟೇಯ ಮಾಲೀಕ ಚನ್ನಯ್ಯ ಬೆಳಗಿನ ಐದು ಗಂಟೆಗೆ ಮೂರನೇ ರೂಮಿನ ಬಚ್ಚಲಲ್ಲಿ ಬಿಸಿನೀರಿನ ನಳಕ್ಕೆ ಕೈ ಹಾಕಿದವನು ಕೈ ತೆಗೆಯದೆಯೇ ಸತ್ತಿದ್ದ. ಈ ಮನೆಯ ವೈರಿಂಗ್ ಮಾಡಿದ್ದ ಹಂಪೇಶ ನಿನ್ನೆಯಿಂದ ಲಾಕಪ್ಪಿನಲ್ಲಿದ್ದ.

ಹಂಪೇಶ ಯಾರೋ ಅಲ್ಲ. ಹದಿನೆಂಟು ವರ್ಷ ನಾಗೇಂದ್ರಪ್ಪನವರ ಏಣಿ ಹಿಡಿದ ಶಿಷ್ಯ. ಅವನ ತಾಯಿ ಹೊನ್ನೂರಮ್ಮ ಬೆಳಗಿನಿಂದ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. "ನಿಮ್ ಕೈಯಾಗ ಕೊಟ್ಟಿದ್ನೆಲ್ರೀ ಯಣ್ಣಾ, ನನ್ ಮಗನ್ನ" ಎಂದಷ್ಟೇ ಹೇಳಿದ್ದಳು. ಅಷ್ಟಕ್ಕೆ ನಾಗೇಂದ್ರಪ್ಪನವರು ಠಾಣೆಯ ಗೋಡೆ ಬಿರಿಯುವ ಹಾಗೆ ಮಾತು ಕೊಟ್ಟುಬಿಟ್ಟಿದ್ದರು: "ಹನ್ನೊಂದರೊಳಗ ನಿನ್ ಮಗ ಮನಿಯಾಗ ಕುಂತು ರೊಟ್ಟಿ ಮುರೀತಾನ. ಇಲ್ಲಂದ್ರ ನಾ ನಾಗೇಂದ್ರಪ್ಪನ ಅಲ್ಲ."

ನಾಗೇಂದ್ರಪ್ಪನವರು ನಾಗೇಂದ್ರಪ್ಪನವರಲ್ಲದೆ ಹೋಗುವುದು ಸಣ್ಣ ಸಂಗತಿಯಲ್ಲ. ಟಿ.ಬಿ. ಡ್ಯಾಂ ಕಡೆ ಮೂವತ್ತಾರು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿಳಿದವರು ಅವರು. ಅವರು ಕಂಬದ ಬುಡಕ್ಕೆ ಬಂದರೆ ತುದಿಯಲ್ಲಿದ್ದ ಕಾಗೆ ತಾನಾಗಿ ಎದ್ದು ಜಾಗ ಬಿಡುತ್ತಿತ್ತು. ಸಂಡೂರಿನ ಗುಡ್ಡದಲ್ಲಿ ಸಿಡಿಲು ಬಿದ್ದರೆ ಕಂಪ್ಲಿಯಲ್ಲಿ ಯಾರ ಮನೆಯ ಫ್ಯೂಸ್ ಹೋಯಿತೆಂದು ಹಾಸಿಗೆಯಲ್ಲಿ ಮಗ್ಗಲು ಬದಲಿಸದೆಯೇ ಹೇಳುತ್ತಿದ್ದರು. ಸಾಕ್ಷಿ ಬೇಕಾದವರು ಅವರನ್ನೇ ಕೇಳಬಹುದು.

ನಿವೃತ್ತರಾದ ಮೇಲೆ ಅವರು 'ಕರೆಂಟ್ ಕಾಕಾ' ಆಗಿದ್ದರು. ಅದು ಅವರ ಯೂಟ್ಯೂಬ್ ಚಾನೆಲ್ಲು. ಹನ್ನೆರಡು ಸಾವಿರ ಜನ ನೋಡುತ್ತಿದ್ದರು. ಅವರ ಎಣಿಕೆಯಲ್ಲಿ ಹನ್ನೆರಡು ಲಕ್ಷ. ಕ್ಯಾಮೆರಾ ಹಿಡಿಯುವವನು ಹಂಪೇಶ. ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಏರಿಸುವವಳು ಮಗಳು ಸುಮಂಗಲಾ. ಇವರಿಬ್ಬರೂ ಇಲ್ಲದಿದ್ದರೆ ಕಾಕಾ ಬರೀ ನಾಗೇಂದ್ರಪ್ಪ.

"ಇವತ್ತಿಂದು ಭರ್ಜರಿ ವಿಡಿಯೋ ಆಗ್ತೈತಿ, ನೋಡ್ಕೋಂತ ಇರು" ಎಂದು ಬೆಳಿಗ್ಗೆ ಮಗಳಿಗೆ ಹೇಳಿ ಹೊರಟಿದ್ದರು. ಸುಮಂಗಲಾ ನಗಲಿಲ್ಲ. "ನೀ ಹೋಗಬ್ಯಾಡಪ್ಪಾ. ಪೊಲೀಸ್ನೋರು ನೋಡ್ಕೋತಾರ" ಎಂದಳು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದಿತ್ತು. ನಾಗೇಂದ್ರಪ್ಪನವರು ಅದನ್ನು ಎರಡು ಲೋಟ ನೀರಿನಲ್ಲಿ ನುಂಗಿ ಮರೆತಿದ್ದರು.

"ಬರ್ರಿ ಮೇಡಂ, ಇಲ್ಲಿ ಕಣ್ಣಿಡ್ರಿ."

ಯಶೋಧರಾ ಬಗ್ಗಿದರು. ಕುಂಕುಮವನ್ನು ನೀರಲ್ಲಿ ಕಲಸಿ ಹಚ್ಚಿದ್ದರು. ನೀರು ಹೆಚ್ಚಾಗಿ ಒಂದು ಎಳೆ ಹರಿದು ಒಣಗಿತ್ತು. ಬೊಟ್ಟಿನಿಂದ ಹೊರಟ ಆ ಕೆಂಪು ಎಳೆ ನೆಲದ ಕಡೆಗೆ ಬಂದಿರಲಿಲ್ಲ. ಸೂರಿನ ಕಡೆಗೆ ಹೋಗಿತ್ತು. ತುದಿಯಲ್ಲಿ ಒಂದು ಹನಿ ಕೂಡ ಮೇಲ್ಮುಖವಾಗಿ ನಿಂತಿತ್ತು.

ಸಬ್‌ಇನ್‌ಸ್ಪೆಕ್ಟರ್ ಈ ಸಲ ಗಡಿಯಾರ ನೋಡಲಿಲ್ಲ.

"ಮುಚ್ಚಳ ತಿರುವುಮುರುವು ಕುಂತೈತಿ" ಅಂದರು.

"ಮಸ್ತ್! ಚೌಕಾನ ಮುಚ್ಚಳ, ನಾಕ್ ಮೂಲಿಗೆ ನಾಕ್ ಸ್ಕ್ರೂ. ಹೆಂಗ ಹಾಕಿದ್ರೂ ಕುಂದರ್ತೈತಿ. ಮೂರು ವಿಭೂತಿ ಪಟ್ಟೀನೂ ಹೆಂಗ ತಿರುವಿದ್ರೂ ಮೂರ ಪಟ್ಟಿ. ಆದ್ರ ನೀರಿಗೆ ಬುದ್ಧಿ ಐತಿ ನೋಡ್ರಿ, ಅದು ಕೆಳಗ ಹೋಗ್ತೈತಿ. ಹಬ್ಬ ಆದಮ್ಯಾಲ ಯಾರೋ ಇದನ್ನ ಬಿಚ್ಚ್ಯಾರ. ನನ್ನ ಹಂಪೇಶ ವೈರಿಂಗ್ ಮುಗಿಸಿ ಹೋಗಿದ್ದು ಹಬ್ಬಕ್ಕ ಒಂದು ತಿಂಗಳ ಮದ್ಲ."

"ಹಂಪೇಶ ಆಮ್ಯಾಲೂ ಒಮ್ಮೆ ಬಂದಿದ್ದ. ಚನ್ನಯ್ಯನ ಕೂಡ ಜಗಳ ಮಾಡಿದ್ದ. ಚಾ ಅಂಗಡಿ ಮುಂದ ಇಡೀ ಊರು ಕೇಳೈತಿ."

"ಜಗಳ ಮಾಡಿದ್ದು ಖರೇನ. 'ನಿನ್ ಗೀಸರ್ ಸತ್ತೈತಿ, ಬದಲಿ ಮಾಡು' ಅಂದಿದ್ದ. ಚನ್ನಯ್ಯ 'ಅಂಗಡಿಯಾಂವನ ಕೂಡ ಸೇರಿ ನನಗ ಹೊಸಾದು ಮಾರಾಕ ಬಂದೀ ಏನಲೇ' ಅಂದ. ನಿಜ ಹೇಳಿದ ಎಲೆಕ್ಟ್ರಿಶಿಯನ್ನಿಗೆ ಈ ಊರಾಗ ಸಿಗೋ ಕೂಲಿ ಅದ."

ಒಳಗಿನ ಬಾಗಿಲ ಪರದೆ ಅಲುಗಿತು. ಚನ್ನಯ್ಯನ ಹೆಂಡತಿ ವಿರುಪಮ್ಮ ಬಂದು ಕಂಬಕ್ಕೆ ಒರಗಿ ನಿಂತಳು. ಬರಿಯ ಹಣೆ.

"ತಾಯಿ, ಈ ಕುಂಕುಮ ಯಾರ್ ಹಚ್ಚಿದ್ರು?" ನಾಗೇಂದ್ರಪ್ಪನವರ ದನಿ ಎರಡು ಮೆಟ್ಟಿಲು ಇಳಿಯಿತು.

"ನಾನರಿ. ನೀರ ಜಾಸ್ತಿ ಆತು, ಸೋರ್ತು. 'ಬೋರ್ಡಿಗೆ ಜಳಕ ಮಾಡಿಸ್ತೀ ಏನು' ಅಂತ ಅವರು ನಕ್ಕಿದ್ರು." ಅವಳು ಬೋರ್ಡನ್ನೇ ನೋಡುತ್ತಿದ್ದಳು. "ಅದನ್ನ ವರಸಬ್ಯಾಡ್ರಿ ಯಣ್ಣಾ. ಈ ಮನಿಯಾಗ ನನ್ ಕೈಲಿಂದ ಹಚ್ಚಿದ ಕಡೀ ಕುಂಕುಮ ಅದು."

ನಾಗೇಂದ್ರಪ್ಪನವರು ಬೋರ್ಡಿನ ಬಳಿಯಿದ್ದ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡರು. ಕೆಮ್ಮಿದರು.

"ಕನಕರಾಜನ್ನ ಕರೀರಿ."

ಕನಕರಾಜ ಸತ್ತವನ ತಮ್ಮ. ಹೋಮ್‌ಸ್ಟೇಯ ಬುಕಿಂಗು, ಗಿರಾಕಿ, ಗಲಾಟೆ ಎಲ್ಲ ಅವನದೇ. ರೂಮುಗಳ ಕೀಲಿಗೊಂಚಲನ್ನು ಬೆರಳಿನಲ್ಲಿ ಗಿರಗಿರ ತಿರುಗಿಸುತ್ತ ಬಂದ. ಮೂರು ದಿನ ನಿದ್ದೆ ಮಾಡದವನ ಕಣ್ಣು.

"ಏನ್ ಕಾಕಾ?"

"ಹಬ್ಬ ಆದಮ್ಯಾಲ ಈ ಬೋರ್ಡ್ ಯಾರ್ ತಗದ್ರು?"

"ಯಾರೂ ಇಲ್ಲ. ಪೂಜಿ ಮಾಡಿದ್ ಬೋರ್ಡ್ ಮುಂದಿನ ಹಬ್ಬದ ತನ ಬಿಚ್ಚಂಗಿಲ್ಲ. ನಮ್ ಮನಿ ಪದ್ಧತಿ."

"ಯಾರೂ?"

"ವಿರೂಪಾಕ್ಷನ ಆಣಿ."

"ದೇವರನ್ನ ಯಾಕ ಕರೀತಿ, ಅವಗ ಬೇಕಾದಷ್ಟು ಕೆಲಸ ಐತಿ. ನೀ ಇಲ್ಲಿ ನೋಡು. ನಿಮ್ಮ ವೈನಿ ಹಚ್ಚಿದ ಕುಂಕುಮ ಯಾಕ ಮ್ಯಾಲಕ್ಕ ಹರದೈತಿ?"

ಕೀಲಿಗೊಂಚಲು ನಿಂತಿತು.

ನಾಗೇಂದ್ರಪ್ಪನವರು ಉತ್ತರಕ್ಕೆ ಕಾಯಲಿಲ್ಲ. ಮೀಟರಿನ ಬಳಿಯ ಮೆಯಿನ್ ಆರಿಸಿದರು. ಟೆಸ್ಟರ್ ಇಟ್ಟು ನೋಡಿದರು. ಟೆಸ್ಟರನ್ನೂ ನಂಬದೆ, ಕಿಸೆಯಿಂದ ವೈರು ಕಟ್ಟಿದ ಬಲ್ಬೊಂದನ್ನು ತೆಗೆದು ತಾಗಿಸಿ ನೋಡಿದರು. ಹೆಂಡತಿ ಕರೆಮ್ಮನನ್ನು ನಂಬಿದ್ದಕ್ಕಿಂತ ಹೆಚ್ಚು ಆ ಬಲ್ಬನ್ನು ನಂಬಿದವರು ಅವರು. ಆಮೇಲೆ ಸ್ಕ್ರೂ ಬಿಚ್ಚತೊಡಗಿದರು. ಕಾನ್‌ಸ್ಟೇಬಲ್ ದುರುಗೇಶ್ ಸಾಕ್ಷಿಗೆಂದು ಮೊಬೈಲ್ ಹಿಡಿದು ಚಿತ್ರೀಕರಣ ಶುರುಮಾಡಿದ. ಕ್ಯಾಮೆರಾ ಕಂಡದ್ದೇ ತಡ, ನಾಗೇಂದ್ರಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು.

"ನಮಸ್ಕಾರ್ರಿ ಬಂಧುಗಳೇ…"

"ಕಾಕಾ, ಇದು ಪಂಚನಾಮ" ಎಂದ ದುರುಗೇಶ್.

ಮುಚ್ಚಳ ಕೈಗೆ ಬಂತು. ಒಳಗೆ, ಸಾಲಾಗಿ ನಿಂತ ಸ್ವಿಚ್ಚುಗಳ ತುದಿಯಲ್ಲಿ, ದಪ್ಪನೆಯದೊಂದು. ಮೂಲೆಯಲ್ಲಿ ಪುಟ್ಟ ಗುಂಡಿ. ಊರಿನವರು 'ಟ್ರಿಪ್ಪರ್' ಅನ್ನುತ್ತಾರೆ; ಎಲ್ಲಾದರೂ ಕರೆಂಟು ಸೋರಿದರೆ ರೆಪ್ಪೆ ಮಿಟುಕಿಸುವ ಮೊದಲೇ ಇಡೀ ಮನೆಯನ್ನು ಆರಿಸಿಬಿಡುವಂಥದು. ಅದರ ಈ ತುದಿಯಿಂದ ಆ ತುದಿಗೆ ಎರಡು ಹೊಸ ವೈರಿನ ತುಂಡುಗಳು ಕಮಾನಿನಂತೆ ಬಾಗಿ ನಿಂತಿದ್ದವು. ಕರೆಂಟು ಟ್ರಿಪ್ಪರಿನ ಒಳಗೆ ಹೋಗದೆ ಪಕ್ಕದ ಸಂದಿಯಿಂದ ಹೋಗುವ ಹಾಗೆ.

"ನಾಯಿ ಬಾಯಿ ಕಟ್ಟ್ಯಾರ್ರಿ ಮೇಡಂ" ಎಂದರು ನಾಗೇಂದ್ರಪ್ಪನವರು. "ಕಾವಲಿನ ನಾಯಿ ಬೊಗಳಿದ್ರ ಕಳ್ಳನ್ನ ಹುಡುಕಬೇಕು. ಇವರು ನಾಯಿ ಬಾಯಿ ಕಟ್ಟಿ ಮಲಗ್ಯಾರ."

ಮುಚ್ಚಳವನ್ನು ಅಂಗೈ ಮೇಲೆ ಇಟ್ಟುಕೊಂಡು ಕನಕರಾಜನ ಕಡೆ ತಿರುಗಿದರು.

"ನೀ ಇದನ್ನ ಪ್ರಸಾದದ ತಾಟು ಹಿಡದಂಗ ಹಿಡದಿದ್ದೀ. ಕುಂಕುಮ ಅಳಿಸಬಾರ್ದು ಅಂತ ಬೆರಳು ಸೈತ ತಾಗಿಸಿಲ್ಲ. ಪದ್ಧತಿ ಮುರಿದಿದ್ದು ವೈನಿಗೆ ಗೊತ್ತಾಗಬಾರದಲ್ಲ? ಅಷ್ಟು ಜ್ವಾಕಿ ಮಾಡಿದಾಂವ ತಲಿಕೆಳಗು ಹಾಕ್ದಿ. ಕಳ್ಳ ಆಗಿದ್ರ ವರಸಿ ಹೊಸಾ ಕುಂಕುಮ ಹಚ್ಚತಿದ್ದ. ನೀ ಭಕ್ತ, ಅದಕ್ಕ ಸಿಕ್ಕೊಂಡಿ."

ಕನಕರಾಜ ಕೂತುಬಿಟ್ಟ. ಕುರ್ಚಿ ಇರಲಿಲ್ಲ, ನೆಲವಿತ್ತು.

"ದಿನಾ ಬೀಳ್ತಿತ್ರಿ ಅದು" ಅಂದ. "ಅಣ್ಣ ಐದಕ್ಕ ಜಳಕಕ್ಕ ಹೋಗ್ತಿದ್ದ, ಪಟ್ ಅಂತ ಬೀಳ್ತಿತ್ತು. ಸೀಜನ್ನು, ಮನಿ ತುಂಬ ಗಿರಾಕಿ. ಒಬ್ಬಾಕಿ ಫ್ರಾನ್ಸಿನಾಕಿ ತಲಿತುಂಬ ಸೋಪಿನ ಬುರುಗು ಇಟ್ಕೊಂಡು ಅಂಗಳಕ್ಕ ಬಂದು ಒದರಿದ್ಲು. ಹಂಪೇಶ ಬಂದು ಗೀಸರ್ ಬದಲಿ ಮಾಡ್ರಿ ಅಂದ, ಅಣ್ಣ ಅವನ್ನ ಬೈದು ಕಳಿಸ್ದ. ಆ ರೂಮ್ ಗಿರಾಕಿಗೆ ಬ್ಯಾಡ, ನನಗ ಇರ್ಲಿ, ಬಿಸಿನೀರಂತೂ ಬೇಕ ಅಂದ. ನಾ ಏನ್ ಮಾಡ್ಲಿ?"

"ಎಲ್ಲಾ ಆರಿಸಿ ಒಂದೊಂದ ಹಾಕಿ ನೋಡಬೇಕು. ಯಾವುದು ಹಾಕಿದ್ರ ಬೀಳ್ತೈತೋ ಅದು ರೋಗಿಷ್ಟ. ಅದನ್ನ ಮೂಲಿಗೆ ಒಗದು ಎಲೆಕ್ಟ್ರಿಶಿಯನ್ನ ಕರೀಬೇಕು. ಕರೆದ ಮ್ಯಾಲ ಅಂವ ಹೇಳಿದ್ದು ಕೇಳಬೇಕು. ಇದನ್ನ ಹಸುಗೂಸೂ ಹೇಳ್ತೈತಿ. ಬೋರ್ಡಿನಾಗ ಕೈ ಹಾಕೂ ಧೈರ್ಯ ಎಲ್ಲಿಂದ ಬಂತಲೇ ನಿನಗ? ಯಾವ ಮೂಳ ಕಲಿಸಿದ?"

ಕನಕರಾಜ ತಲೆ ಎತ್ತಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು.

"ನೀವ ಕಾಕಾ."



ಅವನು ಮೊಬೈಲ್ ತೆಗೆದು ಒತ್ತಿದ. ಹಾಡು ಬಂತು. ಆಮೇಲೆ, ಹೊಳೆಯುವ ಅಂಗಿ, ಎಣ್ಣೆ ಹಚ್ಚಿ ಬಾಚಿದ ಮೀಸೆ. ಸಾಕ್ಷಾತ್ ನಾಗೇಂದ್ರಪ್ಪನವರು. "ನಮಸ್ಕಾರ್ರಿ ಬಂಧುಗಳೇ! ಟ್ರಿಪ್ಪರ್ ಪದೇಪದೇ ಬೀಳ್ತೈತೇನು? ಬೋರ್ಡಿಗೆ ಅಂಜ್ತೀರೇನು? ನಿಮ್ ಕಾಕಾ ಇರೋತನ ಅಂಜಿಕಿ ಯಾತಕ್ಕ? ಇಲ್ನೋಡ್ರಿ, ಒಂದ್ ತುಂಡು ವೈರು…"

ಪರದೆಯ ನಾಗೇಂದ್ರಪ್ಪ ನಕ್ಕು ಕೈ ಹಾಕುತ್ತಿದ್ದ. ಎದುರಿಗೆ ನಿಂತ ನಾಗೇಂದ್ರಪ್ಪನಿಗೆ ಆ ಮೀಸೆಯನ್ನು ಕಿತ್ತು ಒಗೆಯಬೇಕೆನಿಸಿತು.

"ಅದು… ಅದು ಪರೀಕ್ಷೆಗೆ ಎರಡು ನಿಮಿಷ ಹಾಕಿ ತಗಿಯೋದು! ಕಡೀಗೆ ಹೇಳೀನಿ. ಇದು ನನ್ನಂಥಾವ್ರು ಮಾಡೋ ಕೆಲಸ, ನೀವು ಮಾಡಬ್ಯಾಡ್ರಿ, ಲೈಸನ್ಸ್ ಇದ್ದಾಂವನ್ನ ಕರೀರಿ ಅಂತ ಬಿಡಿಸಿ ಹೇಳೀನಿ!"

"ಎಷ್ಟನೇ ನಿಮಿಷಕ್ಕ?" ಯಶೋಧರಾ ಕೇಳಿದರು.

"…ಹದಿನಾಲ್ಕನೇದಕ್ಕ."

"ಅಲ್ಲಿತನ ಯಾರ್ ನೋಡ್ತಾರ ಕಾಕಾ" ಎಂದ ಕನಕರಾಜ. "ನಡುವ ಹತ್ತು ನಿಮಿಷ ನೀವು ಡ್ಯಾಂ ಮ್ಯಾಲಿನ ಕಂಬ ಹತ್ತಿದ ಕತಿ ಐತಿ."

ದುರುಗೇಶ್ ಮೊಬೈಲನ್ನು ತುಸು ಕೆಳಗಿಳಿಸಿದ. ಮರ್ಯಾದೆಗೆ.

ಯಶೋಧರಾ ಡೈರಿಯಲ್ಲಿ ಎರಡು ಸಾಲು ಬರೆದು ಪೆನ್ನಿನ ಟೋಪಿ ಹಾಕಿದರು. "ಒಂಬತ್ತೂ ನಲವತ್ತು. ಟ್ರಿಪ್ಪರಿನ ತಂಟೆ ಹಂಪೇಶನದಲ್ಲ. ನಿರ್ಲಕ್ಷ್ಯದ ಸಾವು ಅಂತ ಕನಕರಾಜನ ಹೇಳಿಕಿ ತಗೋತೀನಿ. ನಿಮ್ಮ ವಿಡಿಯೋದ ಬಗ್ಗೆ ಆಮ್ಯಾಲ ಮಾತಾಡೂಣು. ಹಂಪೇಶನ್ನ ಬಿಡ್ತೀನಿ. ನಡೀರಿ."

ಇಲ್ಲಿಗೆ ಮುಗಿಯಬಹುದಿತ್ತು. ಹಂಪೇಶ ರೊಟ್ಟಿ ಮುರಿಯುತ್ತಿದ್ದ. ನಾಗೇಂದ್ರಪ್ಪನವರು ಒಂದು ವಿಡಿಯೋ ಅಳಿಸಿ ನಾಲ್ಕು ದಿನ ಬೇಸರ ಮಾಡಿಕೊಳ್ಳುತ್ತಿದ್ದರು. ಬೇರೆ ಯಾರೇ ಆಗಿದ್ದರೂ ಜೀಪು ಹತ್ತುತ್ತಿದ್ದರು.

ಆದರೆ ಅವರ ಕಾಲು ಏಳಲಿಲ್ಲ. ಏನೋ ಒಂದು ಕಡಿಯುತ್ತಿತ್ತು, ಹಾಸಿಗೆಯೊಳಗಿನ ತಿಗಣೆಯಂತೆ.

"ಇಷ್ಟಕ್ಕ ಆಳು ಸಾಯಂಗಿಲ್ರಿ ಮೇಡಂ."

"ಏನಂದ್ರಿ?"

"ಸೋರಿದ ಕರೆಂಟಿಗೆ ಎರಡು ಕಾವಲು. ಒಂದು ಈ ಟ್ರಿಪ್ಪರ್. ಇನ್ನೊಂದು ಅರ್ಥಿಂಗ್, ಹಸಿರು ವೈರು. ಸೋರಿದ್ದನ್ನ ಅದು ಸೀದಾ ಭೂಮಿಗೆ ಇಳಿಸ್ತೈತಿ, ಮನಷ್ಯಾನ ಮೈಗೆ ಬಿಡಂಗಿಲ್ಲ. ನೀ ಟ್ರಿಪ್ಪರ್ ಕಟ್ಟಿದ ಎಷ್ಟನೇ ದಿನಕ್ಕ ನಿಮ್ಮಣ್ಣ ಹೋದ್ನೋ?"

"ಇಪ್ಪತ್ತೊಂದನೇದಕ್ಕ" ಎಂದ ಕನಕರಾಜ.

"ಇಪ್ಪತ್ತು ದಿನ ಜಳಕ ಮಾಡಿದಾಂವ ಇಪ್ಪತ್ತೊಂದನೇ ದಿನ ಯಾಕ ಸತ್ತ? ಅರ್ಥಿಂಗ್ ಗುಂಡಿ ನಾನ ನಿಂತು ತೋಡಿಸೀನಿ. ಇದ್ದಿಲು, ಉಪ್ಪು ಹಾಕಿಸೀನಿ. ಆನಿ ಕಟ್ಟಿ ಎಳದ್ರೂ ಬರಂಗಿಲ್ಲ. ಮೂರನೇ ರೂಮ್ ತಗೀರಿ."

ರೂಮಿಗೆ ಪೊಲೀಸರ ಬೀಗ. ಪರಿಶೀಲನೆಯ ಅಧಿಕಾರಿಗಳು ಇನ್ನೂ ಬಂದಿರಲಿಲ್ಲ, ಸೋಮವಾರ ಎಂದಿದ್ದರು. ಯಶೋಧರಾ ತುಟಿ ಕಚ್ಚಿ ಬೀಗ ತೆಗೆದರು. "ನೋಡ್ರಿ ಅಷ್ಟ. ಮುಟ್ಟಬ್ಯಾಡ್ರಿ."

ಬಚ್ಚಲಲ್ಲಿ ಇನ್ನೂ ವಿಭೂತಿಯ ವಾಸನೆ. ಮೂಲೆಯಲ್ಲಿ ಚನ್ನಯ್ಯನ ತಾಮ್ರದ ತಂಬಿಗೆ ಮಗುಚಿ ಬಿದ್ದಿತ್ತು. ನಾಗೇಂದ್ರಪ್ಪನವರು ಪ್ಲಾಸ್ಟಿಕ್ ಸ್ಟೂಲು ಹತ್ತಿ, ಗೀಸರಿನ ಬೆನ್ನಿನ ಸಂದಿಗೆ ಟಾರ್ಚು ಬಿಟ್ಟರು. ಕೆಂಪು ವೈರು, ಕಪ್ಪು ವೈರು ಇದ್ದವು. ಹಸಿರು ವೈರು ಅರ್ಧಕ್ಕೆ ನಿಂತು, ತುದಿಯನ್ನು ಯಾರೋ ಗೀಸರಿನ ಹಿಂದಕ್ಕೆ ಮಡಚಿ ಸಿಕ್ಕಿಸಿದ್ದರು.

"ಕಡದಾರ" ಎಂದರು. "ಕಟಿಂಗ್ ಪ್ಲೇಯರ್‌ಲೆ ಒಂದ ಏಟಿಗೆ. ತಾಮ್ರ ನೋಡ್ರಿ, ಮದುವಿ ಮನಿ ತಂಬಿಗಿ ಹಂಗ ಹೊಳಿತೈತಿ. ಈ ಬಚ್ಚಲದ ಹಬಿಗೆ ಹದಿನೈದು ದಿನ ಆದ್ರ ಕರ್ರಗ ಆಗ್ತಿತ್ತು. ಇದು ಮೊನ್ನಿ ಮೊನ್ನಿ ಕಡದಿದ್ದು. ಮೇಡಂ, ಟ್ರಿಪ್ಪರ್ ಕಟ್ಟೈತಿ ಅಂತ ಗೊತ್ತಿದ್ದಾವ್ರು ಇದನ್ನ ಕಡದಾರ. ಗೊತ್ತಿಲ್ಲಂದ್ರ ಕಡದು ಉಪಯೋಗಿಲ್ಲ, ಟ್ರಿಪ್ಪರ್ ಉಳಿಸಿಬಿಡ್ತಿತ್ತು."

ಯಶೋಧರಾ ಪೆನ್ನಿನ ಟೋಪಿ ಮತ್ತೆ ತೆಗೆದರು.

"ಕನಕರಾಜ್, ಟ್ರಿಪ್ಪರಿನ ವಿಷಯ ಯಾರ್ ಯಾರಿಗೆ ಹೇಳಿದ್ದಿ?"

"ಯಾರಿಗೂ ಇಲ್ರಿ. ಅಣ್ಣಗೂ ಇಲ್ಲ. ರಿಪೇರಿ ಆತು ಅಂದಿದ್ದೆ ಅಷ್ಟ."

"ಈ ರೂಮಿಗೆ ಯಾರ್ ಬಂದಿದ್ರು?"

ಬಾಗಿಲಲ್ಲಿ ನಿಂತ ವಿರುಪಮ್ಮ ಹೇಳಿದಳು: "ರೂಮ್ ನೋಡಾಕ ದಿನಾ ಬರ್ತಾರ್ರಿ. ನಮ್ಮ ಯಜಮಾನ್ರು ತೀರಿಕೊಳ್ಳೋ ಹಿಂದಿನ ದಿನ ಒಬ್ಬಾಕಿ ಬಂದಿದ್ಲು, ಮಾರಿಗೆ ವೇಲ್ ಸುತ್ತಿದ್ಲು. ಎರಡನೇದು, ಮೂರನೇದು ನೋಡಿದ್ಲು. ಬಿಸಿಲಾಗ ಬಂದೀನಿ, ಮಾರಿ ತೊಳಕೋತೀನಿ ಅಂತ ಬಾಗಿಲ ಹಾಕ್ಕೊಂಡ್ಲು. ನಾ ಚಾ ಇಡಾಕ ಹೋಗಿದ್ದೆ."

"ಕನಕರಾಜ್, ಇನ್ನೊಮ್ಮೆ ನೆನಪು ಮಾಡ್ಕೋ. ಒಬ್ರಿಗೂ ಹೇಳಿಲ್ಲ?"

"ಇಲ್ರಿ ಅಂದ್ನೆಲ್ಲ. ಕಾಕಾಗ ಅಷ್ಟ ಬರದು ತಿಳಿಸಿದ್ದೆ."

ನಾಗೇಂದ್ರಪ್ಪನವರು ಸ್ಟೂಲಿನಿಂದ ಬೀಳುವುದೊಂದು ಬಾಕಿ.

"ನನಗ? ಯಾವಾಗ?"

"ಮರತ್ರೇನು? ವಿಡಿಯೋದ ಕೆಳಗ. 'ಥ್ಯಾಂಕ್ಸ್ ಕಾಕಾ, ನೀವು ಹೇಳಿದಂಗ ಮಾಡಿದೆ, ಈಗ ಬೀಳವಲ್ದು' ಅಂತ ಕಾಮೆಂಟ್ ಹಾಕಿದ್ದೆ. ನೀವು ತಿರುಗಿ ಕೇಳಿದ್ರಿ."

ಅವನು ಪರದೆ ಸರಿಸಿ ತೋರಿಸಿದ. ಅವನ ಕಾಮೆಂಟಿನ ಕೆಳಗೆ 'ಕರೆಂಟ್ ಕಾಕಾ' ಎಂಬ ಹೆಸರಲ್ಲಿ ಉತ್ತರ. ಪಕ್ಕದಲ್ಲಿ ಅದೇ ಎಣ್ಣೆ ಮೀಸೆಯ ಚಿತ್ರ.

'ಭಾಳ ಸಂತೋಷ. ಯಾವ ಊರು, ಯಾವ ಮನಿ?'

ಕನಕರಾಜನ ಉತ್ತರ: 'ಕಡ್ಡಿರಾಂಪುರ, ಚನ್ನಯ್ಯ ಹೋಮ್‌ಸ್ಟೇ. ಮೂರನೇ ರೂಮಿನ ಗೀಸರ್.'

ಮತ್ತೆ ಕಾಕಾ: 'ಆ ರೂಮಿನಾಗ ಜಳಕ ಯಾರ್ ಮಾಡ್ತಾರ?'

'ನಮ್ಮ ಅಣ್ಣ ಒಬ್ಬನ. ದಿನಾ ಮುಂಜಾನಿ ಐದಕ್ಕ.'

ಅದಕ್ಕೆ ಕಾಕಾ ಒಂದು ಕೆಂಪು ಹೃದಯ ಒತ್ತಿದ್ದರು.

ದುರುಗೇಶನ ಮೊಬೈಲು ಕನಕರಾಜನ ಮೊಬೈಲಿನ ಮೇಲೆ ಬಗ್ಗಿ ಎಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಿತ್ತು.

"ಇದು ನಾ ಬರದದ್ದಲ್ಲ" ಎಂದರು ನಾಗೇಂದ್ರಪ್ಪನವರು. "ನನಗ ಅದ್ರಾಗ ಬರಿಯಾಕ ಬರಂಗಿಲ್ಲ. ನಾ ಬರೀ ಮಾತಾಡ್ತೀನಿ."

ಅವರ ಬದುಕಿನಲ್ಲಿ ಅಲಂಕಾರವಿಲ್ಲದೆ ಹೇಳಿದ ಮೊದಲ ನಿಜ ಅದು. ನಂಬುವುದೇ ಕಷ್ಟವಾಯಿತು.

"ಚಾನೆಲ್ಲಿನ ಪಾಸ್‌ವರ್ಡ್ ಯಾರ್ ಯಾರಿಗೆ ಗೊತ್ತೈತಿ?"

ನಾಗೇಂದ್ರಪ್ಪನವರು ಬೆರಳು ಮಡಚಿ ಎಣಿಸಿದರು.

ಇಬ್ಬರಿಗೆ. ಒಬ್ಬ ಹಂಪೇಶ.

ಬಿಡಿಸಲೆಂದು ಬಂದ ಶಿಷ್ಯನ ಕೊರಳಿಗೆ ತಾವೇ ಹಗ್ಗ ನೇಯ್ದುಕೊಂಡು ಬಂದಂತಾಗಿತ್ತು. ಹೊನ್ನೂರಮ್ಮ ಮೆಟ್ಟಿಲ ಮೇಲೆ ಕೂತಿದ್ದಾಳೆ. ಸುಮ್ಮನೆ ಜೀಪು ಹತ್ತಿದ್ದರೆ ಮುಗಿಯುತ್ತಿತ್ತಲ್ಲೋ ನಾಗೇಂದ್ರಪ್ಪಾ, ಯಾರು ಕೇಳಿದ್ದರು ನಿನ್ನ ಹಸಿರು ವೈರಿನ ಜಾಣತನ?

"ಹಂಪೇಶಗ ಗೊತ್ತೈತಿ, ಹೌದಿಲ್ಲೋ? ಕ್ಯಾಮೆರಾ ಅಂವಂದ" ಎಂದರು ಯಶೋಧರಾ. "ಜಗಳಾನೂ ಅಂವಂದ. ಕಟಿಂಗ್ ಪ್ಲೇಯರ್ರೂ…"

"ಮೇಡಂ!" ದುರುಗೇಶ್ ಕೂಗಿದ. "ಹೋತು! ಹೋತ್ರಿ!"

ಕನಕರಾಜನ ಪರದೆಯ ಮೇಲೆ ಅವನ ಮಾತುಗಳು ಮಾತ್ರ ಉಳಿದಿದ್ದವು. ಕಾಕಾನ ಪ್ರಶ್ನೆಗಳಿದ್ದ ಜಾಗ ಖಾಲಿ. ಅವನು ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಿದ. ಕೆಂಪು ಹೃದಯ ಕೂಡ ಕಣ್ಣೆದುರೇ 'ಪಟ್' ಎಂದು ಆರಿತು.

"ಈಗ ಅಳಿಸ್ಯಾರ" ಎಂದರು ಯಶೋಧರಾ, ಒಂದೊಂದೇ ಅಕ್ಷರ ಬಿಡಿಸಿ. "ನಾವು ನೋಡ್ತಿದ್ದಂಗ. ಹಂಪೇಶ ಲಾಕಪ್ಪಿನಾಗ ಅದಾನ. ಅವನ ಮೊಬೈಲು ನನ್ನ ಕಪಾಟಿನಾಗ ಐತಿ, ಬೀಗ ನನ್ನ ಕಿಸೇದಾಗ."

ನಾಗೇಂದ್ರಪ್ಪನವರ ಎದೆಯ ಮೇಲಿಂದ ತುಂಗಭದ್ರೆಯ ಮೂವತ್ತಮೂರು ಗೇಟೂ ಒಟ್ಟಿಗೆ ಎದ್ದಂತಾಯಿತು. ಹಂಪೇಶ ಅಲ್ಲ. ಹಂಪೇಶ ಅಲ್ಲ! ಕುಣಿಯಲು ಒಂದು ಕಾಲನ್ನೂ ಎತ್ತಿದ್ದರು.

ಎತ್ತಿದ ಕಾಲು ಅಲ್ಲೇ ನಿಂತಿತು.

"ಮತ್ತ ಪಾಸ್‌ವರ್ಡ್ ಇನ್ನ್ಯಾರಿಗೆ ಗೊತ್ತೈತಿ, ನಾಗೇಂದ್ರಪ್ಪನವ್ರ?"

ಎರಡು ಸಲ ಬಿದ್ದ ಉಪ್ಪು ಈಗ ನಾಲಿಗೆಗೆ ಹತ್ತಿತು. 'ನೀ ಹೋಗಬ್ಯಾಡಪ್ಪಾ.'

ಅವರ ಕಿಸೆ ನಡುಗಿತು. ಮೊಬೈಲು. ಹೊರಗೆ ತೆಗೆಯುವ ಮೊದಲೇ ಅವರಿಗೆ ಗೊತ್ತಿತ್ತು. ಪರದೆಯ ಮೇಲೆ ಮಗಳ ನಗುಮುಖ, ಕೆಳಗೆ 'ಸುಮಾ'.

"ಎತ್ತ್ರಿ" ಎಂದರು ಯಶೋಧರಾ. "ಸ್ಪೀಕರ್ ಹಾಕ್ರಿ."

ನಾಗೇಂದ್ರಪ್ಪನವರು ಹಸಿರು ಗುಂಡಿ ಒತ್ತಿ ಸ್ಪೀಕರ್ ಹಾಕಿದರು.

"ಅಪ್ಪಾ, ಎಲ್ಲಿದ್ದಿ? ಅಲ್ಲೇ ಇದ್ದೀ ಏನು?" ಓಡಿ ಬಂದವಳ ಉಸಿರು. "ಅಪ್ಪಾ, ಸುಮ್ಮನ ಮನಿಗೆ ಬಾ. ಏನೂ ಮಾತಾಡಬ್ಯಾಡ. ಮತ್ತ ಕೇಳು, ಆ ಎರಡನೇ ರೂಮಿನ ನಳ ಮುಟ್ಟಬ್ಯಾಡ. ನೀ ಮುಟ್ಟಬ್ಯಾಡ, ಯಾರಿಗೂ ಮುಟ್ಟಾಕ ಬಿಡಬ್ಯಾಡ. ಅದ್ರಾಗೂ ಹಸಿರು ವೈರು ಇಲ್ಲ."

ಕರೆ ಕಡಿಯಿತು.

ಯಶೋಧರಾ ಕಣ್ಣಲ್ಲೇ ಹೇಳಿದರು. ದುರುಗೇಶ್ ಟಾರ್ಚು ಕಸಿದುಕೊಂಡು ಓಡಿದ. ಪಕ್ಕದ ಗೋಡೆಯಾಚೆ ಸ್ಟೂಲು ಎಳೆದ ಸದ್ದು, ಆಮೇಲೆ ಅವನ ದನಿ.

"ಮೇಡಂ… ಇಲ್ಲೂ ಕಡದಾರ್ರಿ. ಇದೂ ಹೊಳಿತೈತಿ."

ನಾಗೇಂದ್ರಪ್ಪನವರು ಚನ್ನಯ್ಯನ ಮಗುಚಿದ ತಂಬಿಗೆಯನ್ನು ನೋಡುತ್ತ ನಿಂತರು. ಹೊರಗೆ ಜೀಪಿನ ಚಾಲಕ ಎರಡು ಸಲ ಹಾರ್ನ್ ಹೊಡೆದ.

ಯಶೋಧರಾ ಡೈರಿಯ ಹೊಸ ಹಾಳೆ ತಿರುವಿ, ಅವರ ಕಡೆ ನೋಡದೆಯೇ ಕೇಳಿದರು.

"ಹತ್ತೂ ಐದು. ಹೊನ್ನೂರಮ್ಮನ ಮಗ ಮನಿಗೆ ಹೋಗಬೇಕಂದ್ರ ನನಗ ಇನ್ನೊಂದು ಹೆಸರು ಬೇಕು, ನಾಗೇಂದ್ರಪ್ಪನವ್ರ. ಯಾಕ ಮಾಡಿದ್ರು ಅನ್ನೋದು ಆಮ್ಯಾಲ ಕೇಳ್ತೀನಿ, ಹೆಸರು ನೀವ ಹೇಳ್ರಿ. ಯಾರ್ದು ಬರೀಲಿ?"